ಸದ್ದು ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ತಮ್ಮ ಪತ್ರಿಕೆಯ ವಾಚಕರ ವಿಭಾಗದಲ್ಲಿ ಹಿರಿಯ ಓದುಗರೊಬ್ಬರು, ಆಸ್ಪತ್ರೆ, ಬ್ಯಾಂಕು, ನಿಲ್ದಾಣಗಳಲ್ಲಿ ಕೂಗುವ ಪ್ರಕಟಣೆಗಳು ತಮ್ಮಂಥ ವಯಸ್ಸಾದವರಿಗೆ ತಿಳಿಯುತ್ತಿಲ್ಲವೆಂದೂ, ಧ್ವನಿವರ್ಧಕಗಳ ಸದ್ದನ್ನು ಇನ್ನಷ್ಟು ಏರಿಸಬೇಕೆಂದೂ ಬರೆದಿದ್ದರು. ಅವರ ಸಂಕಟ ಅಕ್ಷರಶಃ ನಿಜ. ಆದರೆ ಅವರು ಸೂಚಿಸಿರುವ ಪರಿಹಾರವನ್ನು ಒಪ್ಪಲಾರೆ. ಸದ್ದು ಏರಿಸಿದರೆ ಅವರ ಕಷ್ಟ ಕಡಿಮೆಯಾಗುವ ಬದಲು ಹೆಚ್ಚಾಗುವ ಸಂಭವವೇ ಜಾಸ್ತಿ. ಬೆಂಗಳೂರಿನಲ್ಲಿ ಮೂವತ್ತು ವರ್ಷ ಶ್ರವಣ ತಜ್ಞೆಯಾಗಿ ಕೆಲಸ ಮಾಡಿ ನಿವೃತ್ತಳಾಗಿರುವ ನಾನು, ಈ ವಿಷಯದಲ್ಲಿ ತಿಳಿದದ್ದನ್ನು ಓದುಗರ ಮುಂದೆ ಮತ್ತು ಪ್ರಕಟಣೆಗಳನ್ನು ಸಿದ್ಧಪಡಿಸುವವರ ಮುಂದೆ ಇಡುವುದು ಕರ್ತವ್ಯವೆಂದು ಭಾವಿಸಿ ಬರೆಯುತ್ತಿದ್ದೇನೆ.

ಪರೀಕ್ಷೆಗೆಂದು ನನ್ನ ಎದುರಿನ ಕುರ್ಚಿಯಲ್ಲಿ ಬಂದು ಕುಳಿತ ಹಿರಿಯರಲ್ಲಿ ಬಹುಪಾಲು ಮಂದಿ ಹೇಳುತ್ತಿದ್ದ ಮೊದಲ ಮಾತು ಒಂದೇ: ‘ಸದ್ದು ಕೇಳ್ಸತ್ತಮ್ಮಾ, ಮಾತು ತಿಳಿಯಲ್ಲ.’ ಅವರ ಪಕ್ಕದಲ್ಲಿ ನಿಂತಿದ್ದ ಮಗನೋ ಸೊಸೆಯೋ ಕೂಡಲೇ, ‘ಬೇಕಾದ್ದು ಮಾತ್ರ ಚೆನ್ನಾಗೇ ಕೇಳ್ಸತ್ತೆ ಇವ್ರಿಗೆ’ ಎನ್ನುತ್ತಿದ್ದರು. ಎರಡು ಮಾತೂ ಸತ್ಯವೇ, ಮತ್ತು ಎರಡಕ್ಕೂ ಕಾರಣ ಒಂದೇ ಕಡೆ ಇದೆ. ವಯಸ್ಸಾದಂತೆ ಒಳಗಿವಿಯ ಸೂಕ್ಷ್ಮ ರೋಮಕೋಶಗಳು ನಶಿಸುತ್ತವೆ. ಎತ್ತರದ, ಅಂದರೆ ವೇಗದ, ಕಂಪನಗಳನ್ನು ಗ್ರಹಿಸುವ ಕೋಶಗಳು ಮೊದಲು ಹೋಗುತ್ತವೆ. ಅ, ಆ, ಊ, ಓ ಮುಂತಾದ ಸ್ವರಗಳ ಬಲ ಕೆಳಗಿನ ಕಂಪನಗಳಲ್ಲಿರುವುದರಿಂದ ಅವು ಉಳಿದುಕೊಳ್ಳುತ್ತವೆ. ಸ, ಶ, ತ, ಟ, ಪ, ಚ ಮುಂತಾದ ವ್ಯಂಜನಗಳ ಗುರುತು ಬಹುಪಾಲು ಎತ್ತರದ ಕಂಪನಗಳಲ್ಲಿದ್ದು, ಅವು ಮೊದಲೇ ದುರ್ಬಲವಾದ್ದರಿಂದ ಮಸುಕಾಗುತ್ತವೆ. ಸದ್ದು ಬಂತೆಂದು ತಿಳಿಯುತ್ತದೆ, ಯಾವ ಮಾತೆಂದು ತಿಳಿಯುವುದಿಲ್ಲ. ಧ್ವನಿವರ್ಧಕದ ಗುಂಡಿ ತಿರುಗಿಸಿದಾಗ ಈಗಾಗಲೇ ಕೇಳಿಸುತ್ತಿರುವ ಸ್ವರಗಳೇ ಇನ್ನಷ್ಟು ದಪ್ಪಗಾಗಿ, ಟೈಲ್ಸ್ ಹಾಕಿದ ದೊಡ್ಡ ಹಜಾರದ ಗೋಡೆಗಳಿಗೆ ಬಡಿದು ಮಾರ್ದನಿಗೊಂಡು, ನಂತರ ಬರುವ ವ್ಯಂಜನಗಳ ಮೇಲೆ ಬೀಳುತ್ತವೆ.

ಹಾಗಿದ್ದರೂ ಇಂಥ ಹಿರಿಯರು ಮನೆಯಲ್ಲಿ ದಿನವಿಡೀ ಮಾತನಾಡಿಕೊಂಡು ಇರುತ್ತಾರಲ್ಲ, ಅದು ಹೇಗೆ ಸಾಧ್ಯ? ಕಿವಿ ಕೊಡದೇ ಬಿಟ್ಟದ್ದನ್ನು ಮಿದುಳು ತುಂಬಿಕೊಳ್ಳುತ್ತದೆ. ಮುಂದೆ ಯಾವ ಮಾತು ಬರಬಹುದೆಂದು ಅದು ಸದಾ ಅಂದಾಜು ಮಾಡುತ್ತಿರುತ್ತದೆ, ಬಂದ ಸದ್ದನ್ನು ಆ ಅಂದಾಜಿನ ಜೊತೆ ಒರೆಗೆ ಹಚ್ಚಿ ನೋಡುತ್ತದೆ. ‘ಬೇಕಾದ್ದು ಮಾತ್ರ ಕೇಳ್ಸತ್ತೆ’ ಎಂದು ಮನೆಯವರು ದೂರುವುದು ಇದನ್ನೇ: ನಿರೀಕ್ಷಿಸಿದ ಮಾತು ಅರ್ಧ ಸದ್ದಿನಲ್ಲಿ ತಿಳಿಯುತ್ತದೆ, ನಿರೀಕ್ಷಿಸದ ಮಾತಿಗೆ ಪೂರ್ತಿ ಸದ್ದೂ ಸಾಲುವುದಿಲ್ಲ. ಅದು ಕಪಟವಲ್ಲ. ಈ ಒಂದು ಮಾತನ್ನು ಎಷ್ಟು ಮನೆಗಳವರಿಗೆ ಬಿಡಿಸಿ ಹೇಳಿದ್ದೇನೋ ಲೆಕ್ಕವಿಲ್ಲ.

ಕಳೆದ ತಿಂಗಳು ಇದು ನಮ್ಮ ಮನೆಗೇ ಬಂತು. ಎಂಬತ್ತೆರಡು ವರ್ಷದ ನನ್ನ ತಾಯಿಯನ್ನು ನಗರದ ಒಂದು ದೊಡ್ಡ ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಟೋಕನ್ ಸಂಖ್ಯೆ ತೊಂಬತ್ತು. ಅವರನ್ನು ಹಜಾರದಲ್ಲಿ ಕೂರಿಸಿ, ಬಿಲ್ ಕಟ್ಟಲು ಕೆಳಮಹಡಿಯ ಸಾಲಿನಲ್ಲಿ ನಿಂತೆ. ಗೋಡೆಯ ಟಿ.ವಿ.ಯಲ್ಲಿ ಸುದ್ದಿ ಓಡುತ್ತಿತ್ತು. ಅದರ ನಡುವೆಯೇ ಚಾವಣಿಯ ಸ್ಪೀಕರಿನಿಂದ ಕಂಪ್ಯೂಟರಿನ ದನಿ, ಯಾವ ಮುನ್ಸೂಚನೆಯೂ ಇಲ್ಲದೆ, ಒಮ್ಮೆಗೇ ಸಂಖ್ಯೆಯನ್ನು ಹೇಳಿ ನಿಲ್ಲಿಸಿಬಿಡುತ್ತಿತ್ತು. ನಾನು ಮೇಲೆ ಬರುವ ಹೊತ್ತಿಗೆ ತೊಂಬತ್ತನ್ನು ಮೂರು ಸಲ ಕರೆದು, ಮುಂದಕ್ಕೆ ಹೋಗಿ, ವೈದ್ಯರು ಶಸ್ತ್ರಚಿಕಿತ್ಸೆಗೆ ತೆರಳಿದ್ದರು. ಅಮ್ಮ ನೆಮ್ಮದಿಯಿಂದ ಕೂತಿದ್ದರು. ‘ಎಂಬತ್ತು ಅಂದ್ರು ಕಣೇ, ಇನ್ನೂ ಹತ್ತು ಜನ ಇದ್ದಾರೆ ಅಂತ ಕೂತೆ’ ಎಂದರು. ನಡೆದದ್ದು ತಿಳಿದ ಮೇಲೆ ಅವರ ಮುಖ ಬಾಡಿಹೋಯಿತು. ‘ನಂದೇ ತಪ್ಪು, ಈ ಹಾಳು ಕಿವಿ’ ಎಂದು ಆಟೋದಲ್ಲಿ ಮನೆ ಮುಟ್ಟುವವರೆಗೂ ಹೇಳಿಕೊಂಡರು. ಮೂವತ್ತು ವರ್ಷ ಇದೇ ಕೆಲಸ ಮಾಡಿದವಳ ತಾಯಿ, ಬೇರೆಯವರ ಅಜಾಗರೂಕತೆಯ ತಪ್ಪನ್ನು ತಮ್ಮ ಮೇಲೆ ಹೊತ್ತುಕೊಂಡರು. ಈ ಪತ್ರ ಬರೆಯಲು ಅದೇ ನಿಜವಾದ ಕಾರಣ.

ಮರುದಿನ ಮತ್ತೆ ಹೋದಾಗ ನಾನು ಅದೇ ಕುರ್ಚಿಯಲ್ಲಿ ಅಮ್ಮನ ಪಕ್ಕದಲ್ಲಿ ಕುಳಿತು, ಕಣ್ಣು ಮುಚ್ಚಿ, ಒಂದು ಗಂಟೆ ಪ್ರಕಟಣೆಗಳನ್ನೇ ಕೇಳಿದೆ. ನನ್ನ ಶ್ರವಣಶಕ್ತಿ ವಯಸ್ಸಿಗೆ ತಕ್ಕಂತೆ ಚೆನ್ನಾಗಿಯೇ ಇದೆ. ಆದರೂ ಎಂಬತ್ತು, ತೊಂಬತ್ತು, ಒಂಬತ್ತು ಈ ಮೂರನ್ನು ಹಲವು ಸಲ ಬೇರ್ಪಡಿಸಲಾಗಲಿಲ್ಲ. ಇಪ್ಪತ್ತು ಯಾವುದು, ಎಪ್ಪತ್ತು ಯಾವುದು ಎಂದು ಟಿ.ವಿ.ಯ ಪಕ್ಕದ ಪರದೆಯನ್ನು ನೋಡಿಯೇ ಖಚಿತಪಡಿಸಿಕೊಳ್ಳಬೇಕಾಯಿತು. ಅಷ್ಟರಲ್ಲಿ ಬಾಗಿಲ ಬಳಿ ನಿಂತಿದ್ದ ಕಾವಲುಗಾರರೊಬ್ಬರು ಅಮ್ಮನ ಚೀಟಿಯನ್ನು ಮೊದಲೇ ನೋಡಿಕೊಂಡಿದ್ದವರು, ಹತ್ತಿರ ಬಂದು, ಸ್ವಲ್ಪ ಬಗ್ಗಿ, ‘ಅಜ್ಜಿ, ನಿಮ್ಮ ನಂಬರ್ ಬಂತು ಬನ್ನಿ, ಡಾಕ್ಟ್ರು ಕರೀತಿದ್ದಾರೆ’ ಎಂದರು. ಸ್ಪೀಕರಿನ ಸದ್ದಿನ ಕಾಲು ಭಾಗವೂ ಇರದ ಮೆತ್ತಗಿನ ದನಿ. ಅಮ್ಮ ತಕ್ಷಣ ಎದ್ದು ನಿಂತರು.

ಆ ಕಾವಲುಗಾರರು ಯಾವ ಶಾಸ್ತ್ರವನ್ನೂ ಓದಿದವರಲ್ಲ. ಆದರೆ ಅವರು ಮಾಡಿದ್ದನ್ನೆಲ್ಲ ಶಾಸ್ತ್ರ ಹೇಳುತ್ತದೆ.

1970ರಲ್ಲಿ ಅಮೆರಿಕದ ರಿಚರ್ಡ್ ವಾರನ್ ಎಂಬ ಮನೋವಿಜ್ಞಾನಿ ಒಂದು ಇಂಗ್ಲಿಷ್ ವಾಕ್ಯವನ್ನು ಧ್ವನಿಮುದ್ರಿಸಿ, ಅದರಲ್ಲಿ ‘ಲೆಜಿಸ್ಲೇಚರ್ಸ್’ ಎಂಬ ಪದದ ನಡುವಿನ ಸಕಾರವನ್ನು ಕತ್ತರಿಸಿ ತೆಗೆದು, ಆ ಜಾಗದಲ್ಲಿ ಕೆಮ್ಮಿನ ಸದ್ದನ್ನು ಅಂಟಿಸಿದರು. ಕೇಳಿದ 20 ಮಂದಿಯಲ್ಲಿ 19 ಮಂದಿ ಪದದಲ್ಲಿ ಯಾವ ಅಕ್ಷರವೂ ಬಿಟ್ಟುಹೋಗಿಲ್ಲವೆಂದೇ ಹೇಳಿದರು. ಇಲ್ಲದ ಸಕಾರ ಅವರಿಗೆ ನಿಜವಾಗಿ ಕೇಳಿಸಿತ್ತು. ಕೆಮ್ಮು ಎಲ್ಲಿ ಬಂತೆಂಬುದನ್ನು ಮಾತ್ರ ಸರಿಯಾಗಿ ಗುರುತಿಸಲಾಗಲಿಲ್ಲ. ಅದೇ ಜಾಗವನ್ನು ಖಾಲಿ ಬಿಟ್ಟಾಗ ಕೊರತೆ ಗೊತ್ತಾಯಿತು. ನಮ್ಮಲ್ಲಿಯೂ ಹಾಗೆಯೇ. ಅಂಬೇಡ್ಕರ್ ಬೀದಿಯಲ್ಲಿ ಯಾರೋ ‘ವಿಧಾನಸೌಧ’ ಎನ್ನುವಾಗ ನಡುವಿನ ಅಕ್ಷರದ ಮೇಲೆ ಬಸ್ಸಿನ ಹಾರ್ನ್ ಬಿದ್ದರೂ ಕನ್ನಡಿಗನ ಕಿವಿಗೆ ಪೂರ್ತಿ ‘ವಿಧಾನಸೌಧ’ವೇ ಕೇಳಿಸುತ್ತದೆ, ಏಕೆಂದರೆ ‘ವಿಧಾನ’ ಎಂದು ಶುರುವಾಗಿ ‘ಧ’ ಎಂದು ಮುಗಿಯುವ ಇನ್ನೊಂದು ಮಾತು ಅಲ್ಲಿ ಹೊಂದುವುದಿಲ್ಲ.

ಈ ಊಹೆಗೆ ಬೇಕಾದ ಬಂಡವಾಳ ಬರುವುದು ಎಲ್ಲಿಂದ? ತೊಟ್ಟಿಲಿನಿಂದ. 1996ರಲ್ಲಿ ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ಜೆನ್ನಿ ಸ್ಯಾಫ್ರನ್, ರಿಚರ್ಡ್ ಆಸ್ಲಿನ್, ಎಲಿಸಾ ನ್ಯೂಪೋರ್ಟ್ ಎಂಟು ತಿಂಗಳ ಶಿಶುಗಳಿಗೆ ಎರಡೇ ನಿಮಿಷ ಅರ್ಥವಿಲ್ಲದ ಮಾತಿನ ಒಂದು ಸರಪಳಿಯನ್ನು ಕೇಳಿಸಿದರು: ‘ಬಿಡಾಕುಪಡೋಟಿಗೋಲಾಬುಬಿಡಾಕು’ ಎಂಬಂತೆ, ನಡುವೆ ಬಿಡುವಿಲ್ಲ, ದನಿಯಲ್ಲಿ ಏರಿಳಿತವಿಲ್ಲ. ‘ಬಿ’ಯ ನಂತರ ‘ಡಾ’ ಖಚಿತವಾಗಿ ಬರುತ್ತಿತ್ತು; ‘ಕು’ವಿನ ನಂತರ ಉಳಿದ ಯಾವ ಪದದ ಮೊದಲಕ್ಷರ ಬೇಕಾದರೂ ಬರಬಹುದಿತ್ತು. ಆ ಒಂದೇ ಸುಳಿವಿನ ಮೇಲೆ ಶಿಶುಗಳು ಪದಗಳನ್ನೂ ಪದಗಳಲ್ಲದ ತುಣುಕುಗಳನ್ನೂ ಬೇರೆ ಮಾಡಿದವು. ಯಾವುದರ ನಂತರ ಯಾವುದು ಎಷ್ಟು ಸಲ ಬರುತ್ತದೆ ಎಂಬ ಈ ಲೆಕ್ಕವನ್ನೇ ಸಂಖ್ಯಾಶಾಸ್ತ್ರೀಯ ಕಲಿಕೆ ಎನ್ನುವುದು. ನಮ್ಮ ಮನೆಯ ಮಗು ‘ಅಜ್ಜಿಬಂದ್ರು’, ‘ಅಜ್ಜಿಎಲ್ಲಿ’, ‘ಅಜ್ಜಿಗೆಕೊಡು’ ಎಂದು ಕೂಡಿಸಿ ಆಡಿದ ಮಾತುಗಳಿಂದ ‘ಅಜ್ಜಿ’ಯನ್ನು ಬಿಡಿಸಿಕೊಳ್ಳುವುದು ಹೀಗೆ. ಬರವಣಿಗೆಯಲ್ಲಿ ನಾವು ಬಿಡುವ ಜಾಗ ಮಾತಿನಲ್ಲಿ ಇಲ್ಲವೇ ಇಲ್ಲ. ಗೊತ್ತಿಲ್ಲದ ಭಾಷೆ ಎಲ್ಲರಿಗೂ ಬಹಳ ವೇಗವಾಗಿ ಕೇಳಿಸುವುದು ಅದಕ್ಕೇ.

ಆ ಲೆಕ್ಕದಲ್ಲಿ ಕನ್ನಡ ಕೊಡುವ ಸುಳಿವುಗಳು ಬಹಳ ಇವೆ. ಕನ್ನಡದಲ್ಲಿ ಯಾವ ಪದವೂ ಳಕಾರದಿಂದಾಗಲಿ ಣಕಾರದಿಂದಾಗಲಿ ಆರಂಭವಾಗುವುದಿಲ್ಲ. ಆದ್ದರಿಂದ ‘ಳ’ ಕೇಳಿಸಿತೆಂದರೆ ನಾವು ಪದದ ಒಳಗಿದ್ದೇವೆ, ಹೊಸ ಪದ ಇನ್ನೂ ಶುರುವಾಗಿಲ್ಲ ಎಂದು ಅರ್ಥ. ವ್ಯಾಕರಣವನ್ನೇ ಕಲಿಯದ ಅಜ್ಜಿಯ ಕಿವಿಯೂ ಇದನ್ನು ಬಲ್ಲದು. ಬೆಲೆ ಮತ್ತು ಬೆಳೆ, ಹುಲಿ ಮತ್ತು ಹುಳಿ, ಹಲ್ಲಿ ಮತ್ತು ಹಳ್ಳಿ ಇವುಗಳ ವ್ಯತ್ಯಾಸ ನಮಗೆ ಎಷ್ಟು ಸಹಜವೆಂದರೆ, ಅದೂ ಕಲಿತದ್ದೆಂಬುದು ಮರೆತೇಹೋಗಿರುತ್ತದೆ. 1984ರಲ್ಲಿ ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್, ಇಂಗ್ಲಿಷ್ ಮನೆಗಳ ಆರರಿಂದ ಎಂಟು ತಿಂಗಳ ಶಿಶುಗಳು ಹಿಂದಿಯ ‘ತ’ ಮತ್ತು ‘ಟ’ಗಳನ್ನು ಬೇರೆಬೇರೆಯಾಗಿ ಗುರುತಿಸುವುದನ್ನೂ, ಹತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಆ ಶಕ್ತಿ ಬಹುತೇಕ ಕುಂದುವುದನ್ನೂ ತೋರಿಸಿದರು. ಸುತ್ತ ಕೇಳಿಸದ ವ್ಯತ್ಯಾಸವನ್ನು ಕಿವಿ ಕೈಬಿಡುತ್ತದೆ, ಕೇಳಿಸುವುದನ್ನು ಹಿಡಿದಿಟ್ಟುಕೊಳ್ಳುತ್ತದೆ. ನನ್ನ ತಾಯಿಯ ಕಿವಿ ಎಂಬತ್ತು ವರ್ಷಗಳಿಂದ ಕನ್ನಡದ ಲೆಕ್ಕವನ್ನು ಬರೆದಿಟ್ಟುಕೊಂಡು ಬಂದಿದೆ. ಯಂತ್ರದ ದನಿ ‘ಹೆಬ್ಬಾಳ’ವನ್ನು ‘ಹೆಬ್ಬಾಲ್’ ಎಂದಾಗ ಆ ಲೆಕ್ಕದ ಪುಸ್ತಕದಲ್ಲಿ ಅಂಥ ಊರು ಸಿಗುವುದಿಲ್ಲ. ಇದನ್ನು ಭಾಷಾಭಿಮಾನದ ತಕರಾರೆಂದು ತಳ್ಳಿಹಾಕಬಾರದು. ಉಚ್ಚಾರಣೆ ತಪ್ಪಿದರೆ ವಯಸ್ಸಾದವರ ಊಹೆಗೆ ಹಿಡಿಯಲು ಕೊಂಬೆಯೇ ಇರುವುದಿಲ್ಲ.

ಈಗ ಟೋಕನ್ ಸಂಖ್ಯೆಗೆ ಬರುತ್ತೇನೆ. ಇಡೀ ಪ್ರಕಟಣೆಯಲ್ಲಿ ಮುಖ್ಯವಾದ ಮಾತು ಯಾವುದೋ, ಊಹಿಸಲಾಗದ ಮಾತೂ ಅದೇ. ‘ಡಾಕ್ಟ್ರು ಕರೀತಿದ್ದಾರೆ’ ಎಂಬುದನ್ನು ಅರ್ಧ ಕೇಳಿದರೂ ಪೂರ್ತಿ ಮಾಡಿಕೊಳ್ಳಬಹುದು. ತೊಂಬತ್ತೋ ಎಂಬತ್ತೋ ಎಂಬುದನ್ನು ಯಾವ ಬುದ್ಧಿವಂತಿಕೆಯಿಂದಲೂ ಪೂರ್ತಿ ಮಾಡಿಕೊಳ್ಳಲಾಗದು. ಅದರ ಮೇಲೆ ನಮ್ಮ ಸಂಖ್ಯಾಪದಗಳ ಸ್ವಭಾವ ನೋಡಿ: ಒಂಬತ್ತು, ಎಂಬತ್ತು, ತೊಂಬತ್ತು ಮೂರರ ಬಾಲವೂ ಒಂದೇ, ವ್ಯತ್ಯಾಸವೆಲ್ಲ ತಲೆಯಲ್ಲಿದೆ. ಇಪ್ಪತ್ತು ಮತ್ತು ಎಪ್ಪತ್ತುಗಳ ನಡುವೆ ಇರುವುದು ಮೊದಲ ಸ್ವರವೊಂದರ ಅಂತರ. ಮೂರು ಮತ್ತು ನೂರು ಬೇರೆಯಾಗುವುದು ಮಕಾರ ನಕಾರಗಳಿಂದ. 1955ರಲ್ಲಿ ಅಮೆರಿಕದ ಸಂಶೋಧಕರಾದ ಜಾರ್ಜ್ ಮಿಲ್ಲರ್ ಮತ್ತು ಪೆಟ್ರೀಷಿಯಾ ನೈಸ್ಲಿ, ಗದ್ದಲದಲ್ಲಿ ಅನುನಾಸಿಕವೆಂಬ ಗುಣ ಉಳಿದರೂ ಅದು ತುಟಿಯ ಅಕ್ಷರವೋ ಹಲ್ಲಿನ ಬಳಿಯ ಅಕ್ಷರವೋ ಎಂಬ ಗುರುತು ಸುಲಭವಾಗಿ ಅಳಿಸಿಹೋಗುತ್ತದೆಂದು ತೋರಿಸಿದ್ದಾರೆ. ಹೀಗೆ ಸಂಖ್ಯೆಯ ಗುರುತೆಲ್ಲ ಪದದ ತಲೆಯಲ್ಲೇ ಇರುವ ಭಾಷೆಯಲ್ಲಿ, ಯಾವ ಪೀಠಿಕೆಯೂ ಇಲ್ಲದೆ ಸಂಖ್ಯೆಯನ್ನೇ ಮೊದಲು ಹೇಳಿದರೆ, ಕೇಳುಗರು ಟಿ.ವಿ.ಯಿಂದ ಗಮನವನ್ನು ಸ್ಪೀಕರಿನ ಕಡೆಗೆ ತಿರುಗಿಸುವಷ್ಟರಲ್ಲಿ ತಲೆ ಹೋಗಿ ಬಾಲ ಉಳಿದಿರುತ್ತದೆ. ಅಮ್ಮನಿಗೆ ಆದದ್ದು ಇಷ್ಟೇ. ಅವರ ಕಿವಿಗೆ ‘ಂಬತ್ತು’ ಬಂತು; ಸರದಿ ಇನ್ನೂ ದೂರವಿದೆಯೆಂಬ ಅಂದಾಜಿನಲ್ಲಿದ್ದ ಮನಸ್ಸು ಅದನ್ನು ‘ಎಂಬತ್ತು’ ಎಂದು ತುಂಬಿಕೊಂಡಿತು. ವಾರನ್ ಅವರ ಕೆಮ್ಮಿನ ಪ್ರಯೋಗದಲ್ಲಿ ಸಹಾಯ ಮಾಡಿದ ಮಿದುಳೇ ಇಲ್ಲಿ, ಅಷ್ಟೇ ಪ್ರಾಮಾಣಿಕವಾಗಿ, ದಾರಿ ತಪ್ಪಿಸಿತು.

ಇದಕ್ಕೆ ಮದ್ದು ದುಬಾರಿಯಲ್ಲ. ಮೊದಲು ಒಂದು ಸಣ್ಣ ಗಂಟೆಯ ಸದ್ದು, ಅದರ ಬೆನ್ನಿಗೆ ಪ್ರತಿ ಸಲವೂ ಬದಲಾಗದ ಒಂದು ಪೀಠಿಕೆ, ‘ದಯವಿಟ್ಟು ಗಮನಿಸಿ, ಟೋಕನ್ ಸಂಖ್ಯೆ’ ಎಂಬಂಥದ್ದು, ಆಮೇಲೆ ಸಂಖ್ಯೆ. ಪೀಠಿಕೆಯಲ್ಲಿ ಹೊಸ ವಿಷಯವೇನೂ ಇಲ್ಲದಿರುವುದೇ ಅದರ ಉಪಯೋಗ: ಕೇಳುಗರು ಅದರ ಮೇಲೆ ಶ್ರಮ ಹಾಕಬೇಕಿಲ್ಲ, ಮುಂದಿನ ಒಂದು ಪದಕ್ಕೆ ಪೂರ್ತಿ ಗಮನವನ್ನು ಕಾದಿಟ್ಟುಕೊಳ್ಳಬಹುದು. ಸಂಖ್ಯೆಯನ್ನು ಎರಡು ಬಗೆಯಲ್ಲಿ ಹೇಳಬೇಕೆಂಬುದು ನನ್ನ ಮುಖ್ಯ ಕೋರಿಕೆ: ‘ತೊಂಬತ್ತು, ಒಂಬತ್ತು, ಸೊನ್ನೆ.’ ಎಂಬತ್ತಾಗಿದ್ದರೆ ‘ಎಂಟು, ಸೊನ್ನೆ’ ಎಂದಾಗುತ್ತದೆ. ಇನ್ನು ಗೊಂದಲಕ್ಕೆ ಎಡೆಯಿಲ್ಲ. ಇಪ್ಪತ್ತು ‘ಎರಡು, ಸೊನ್ನೆ’; ಎಪ್ಪತ್ತು ‘ಏಳು, ಸೊನ್ನೆ’. ಬಿಡಿ ಅಂಕಿಗಳು ಹತ್ತೇ ಇರುವುದರಿಂದ ಊಹೆಯ ವ್ಯಾಪ್ತಿಯೂ ಕಿರಿದಾಗುತ್ತದೆ. 1951ರಲ್ಲೇ ಇದೇ ಮಿಲ್ಲರ್ ಅವರೂ ಸಂಗಡಿಗರೂ, ಅರ್ಥವಿಲ್ಲದ ಅಕ್ಷರಗುಂಪುಗಳು ತಿಳಿಯದಷ್ಟು ಗದ್ದಲದಲ್ಲಿಯೂ ಅಂಕಿಗಳು ತಿಳಿಯುತ್ತವೆಂದೂ, ಅದೇ ಪದ ಬಿಡಿಯಾಗಿ ಬಂದಾಗಿನದಕ್ಕಿಂತ ವಾಕ್ಯದೊಳಗೆ ಬಂದಾಗ ಹೆಚ್ಚು ತಿಳಿಯುತ್ತದೆಂದೂ ತೋರಿಸಿಕೊಟ್ಟಿದ್ದಾರೆ. ಪ್ರಕಟಣೆ ನಡೆಯುವಷ್ಟು ಹೊತ್ತು ಟಿ.ವಿ.ಯ ದನಿ ತಾನಾಗಿ ತಗ್ಗುವಂತೆ ಮಾಡಬೇಕು. ಹಿನ್ನೆಲೆ ಸಂಗೀತ ಬೇಡವೇ ಬೇಡ.

ನಮ್ಮ ನಗರದಲ್ಲೇ ಇದಕ್ಕೆ ಒಳ್ಳೆಯ ಮಾದರಿ ಇದೆ. ‘ನಮ್ಮ ಮೆಟ್ರೊ’ದಲ್ಲಿ ಮೊದಲು ‘ಮುಂದಿನ ನಿಲ್ದಾಣ’ ಎಂಬ ಮಾತು ಬರುತ್ತದೆ, ಆಮೇಲೆ ಹೆಸರು, ಆಮೇಲೆ ಬಾಗಿಲು ಯಾವ ಕಡೆ ತೆರೆಯುತ್ತದೆಂಬುದು, ಕ್ರಮ ತಪ್ಪುವುದಿಲ್ಲ. ಅಲ್ಲಿ ಬಹುಕಾಲ ಕೇಳಿಬಂದ ಕನ್ನಡದ ದನಿ 2024ರಲ್ಲಿ ನಮ್ಮನ್ನಗಲಿದ ನಿರೂಪಕಿ ಅಪರ್ಣಾ ಅವರದು. ಅವರ ಉಚ್ಚಾರಣೆಯ ಸ್ವಚ್ಛತೆಯನ್ನು ಎಲ್ಲರೂ ಮೆಚ್ಚಿಕೊಂಡಿದ್ದೇವೆ. ಒಂದೇ ದನಿಯನ್ನು ದಿನವೂ ಕೇಳುವುದರಿಂದ ಆಗುವ ಲಾಭ ಅಷ್ಟಾಗಿ ಯಾರ ಗಮನಕ್ಕೂ ಬಂದಿಲ್ಲ. ಪರಿಚಿತ ದನಿಯ ಮಾತು ಗದ್ದಲದಲ್ಲಿ ಅಪರಿಚಿತ ದನಿಯ ಮಾತಿಗಿಂತ ಚೆನ್ನಾಗಿ ತಿಳಿಯುತ್ತದೆಂದು 1994ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದಾರೆ. ಆದ್ದರಿಂದ ಆಸ್ಪತ್ರೆಗಳೂ ಬ್ಯಾಂಕುಗಳೂ ತಿಂಗಳಿಗೊಂದು ಹೊಸ ದನಿಯ ತಂತ್ರಾಂಶಕ್ಕೆ ಬದಲಾಯಿಸುವುದು ಒಳ್ಳೆಯದಲ್ಲ.

2025ರ ಆಗಸ್ಟ್‌ನಲ್ಲಿ ಆರಂಭವಾದ ಹಳದಿ ಮಾರ್ಗವನ್ನು ಗಮನಿಸಿದರೆ ಕ್ರಮದ ಬೆಲೆ ಇನ್ನೂ ಸ್ಪಷ್ಟವಾಗುತ್ತದೆ. ಅದೊಂದೇ ಮಾರ್ಗದಲ್ಲಿ ಬೊಮ್ಮನಹಳ್ಳಿಯೂ ಇದೆ, ಬೊಮ್ಮಸಂದ್ರವೂ ಇದೆ, ತಲೆ ಒಂದೇ. ಹೊಂಗಸಂದ್ರ, ಸಿಂಗಸಂದ್ರ, ಬೊಮ್ಮಸಂದ್ರಗಳ ಬಾಲ ಒಂದೇ. ಹೆಸರಿನ ಯಾವ ತುದಿ ಅಳಿಸಿದರೂ ಇನ್ನೊಂದು ನಿಲ್ದಾಣ ಬಂದು ನಿಲ್ಲುತ್ತದೆ. ಅಲ್ಲಿ ಪ್ರಯಾಣಿಕರನ್ನು ಕಾಪಾಡುವುದು ನಿಲ್ದಾಣಗಳ ಸರದಿ: ಬೊಮ್ಮನಹಳ್ಳಿ ದಾಟಿದ ಮೇಲೆ ಹೊಂಗಸಂದ್ರವೇ ಬರಬೇಕೆಂಬ ತಿಳಿವಳಿಕೆ. ಆಸ್ಪತ್ರೆಯ ಹಜಾರದಲ್ಲಿ ಆ ನೆರವಿಲ್ಲ, ಏಕೆಂದರೆ ನಾಲ್ಕು ವೈದ್ಯರ ಟೋಕನ್‌ಗಳನ್ನು ಒಂದೇ ಸ್ಪೀಕರಿನಲ್ಲಿ, ಹಿಂದುಮುಂದಾಗಿ ಕರೆಯುತ್ತಾರೆ. ಯಾವ ಭಾಷೆ ಮೊದಲು ಬರುತ್ತದೆಂಬುದೂ ಖಚಿತವಿರುವುದಿಲ್ಲ. ಒಮ್ಮೆ ಇಂಗ್ಲಿಷ್, ಒಮ್ಮೆ ಕನ್ನಡ. ಈಗ ಬರುವುದು ಯಾವ ಭಾಷೆಯೆಂದೇ ಗೊತ್ತಿಲ್ಲದವರು ಮಾತನ್ನು ಊಹಿಸುವುದಾದರೂ ಹೇಗೆ? ಬೆಂಗಳೂರಿನಲ್ಲಿ ಮೂರ್ನಾಲ್ಕು ಭಾಷೆ ಬೇಕಾಗುವುದು ಸಹಜ, ಅದಕ್ಕೆ ನನ್ನ ಆಕ್ಷೇಪವಿಲ್ಲ. ಕನ್ನಡ ಮೊದಲು ಬರಲಿ, ಉಳಿದವು ದಿನವೂ ಅದೇ ಕ್ರಮದಲ್ಲಿ ಅದರ ಹಿಂದೆ ಬರಲಿ.

ಕೌಂಟರಿನಲ್ಲಿ ಕೂತವರಿಗೂ ಒಂದು ಮಾತು. ಗದ್ದಲದಲ್ಲಿ ಮಾತನಾಡುವವರ ಮುಖ ಕಂಡರೆ ಮಾತು ಹೆಚ್ಚು ತಿಳಿಯುತ್ತದೆಂಬುದು 1954ರಿಂದಲೂ ದೃಢಪಟ್ಟ ಸಂಗತಿ. ಮಕಾರಕ್ಕೆ ತುಟಿ ಮುಚ್ಚುತ್ತದೆ, ನಕಾರಕ್ಕೆ ಮುಚ್ಚುವುದಿಲ್ಲ, ಕಿವಿ ಬಿಟ್ಟುಕೊಟ್ಟದ್ದನ್ನು ಕಣ್ಣು ಹಿಡಿಯುತ್ತದೆ. ಕಂಪ್ಯೂಟರ್ ಪರದೆಯನ್ನೇ ನೋಡುತ್ತ ಹೇಳಿದ ಮಾತು ಹಿರಿಯರಿಗೆ ತಿಳಿಯದಿದ್ದಾಗ, ಅದನ್ನೇ ಕೂಗಿ ಹೇಳುವ ಬದಲು ತಲೆಯೆತ್ತಿ, ಬೇರೆ ಮಾತಿನಲ್ಲಿ ಹೇಳಿ ನೋಡಿ. ‘ಆಧಾರ್ ಇದ್ಯಾ?’ ಎಂಬುದು ಎರಡು ಸಲವೂ ತಿಳಿಯದಿದ್ದರೆ ‘ಅಮ್ಮಾ, ನಿಮ್ಮ ಆಧಾರ್ ಕಾರ್ಡು ತಂದಿದ್ದೀರಾ?’ ಎಂದು ಕೇಳಿದರೆ ತಿಳಿಯುತ್ತದೆ. ವಾಕ್ಯ ಉದ್ದವಾದಷ್ಟೂ ಹಿಡಿಯಲು ಹಿಡಿಕೆಗಳು ಹೆಚ್ಚು.

ಶ್ರವಣ ಸಾಧನ ಹಾಕಿಕೊಂಡರೆ ಇದೆಲ್ಲ ಬೇಡವಲ್ಲವೇ ಎಂದು ಕೆಲವರು ಕೇಳಬಹುದು. ಹಾಕಿಕೊಳ್ಳಲೇಬೇಕು. ಆದರೆ ಸಾಧನದಿಂದ ಬರುವ ಸದ್ದು ಮಿದುಳಿಗೆ ಹೊಸದು. ಹಳೆಯ ಲೆಕ್ಕವನ್ನು ಹೊಸ ಸದ್ದಿಗೆ ಹೊಂದಿಸಿಕೊಳ್ಳಲು ವಾರಗಟ್ಟಲೆ ಬೇಕು, ಆ ವಾರಗಳಲ್ಲಿ ಮನೆಯವರು ಎದುರು ಕೂತು ಮಾತನಾಡಬೇಕು. ಮೊದಲ ಮೂರು ದಿನದ ಕಿರಿಕಿರಿಗೆ ಬೇಸತ್ತು ಅದನ್ನು ಬೀರುವಿನಲ್ಲಿ ಇಟ್ಟುಬಿಟ್ಟ ಎಷ್ಟೋ ಹಿರಿಯರನ್ನು ಕಂಡಿದ್ದೇನೆ.

ಮೇಲೆ ಹೇಳಿದ ಆಸ್ಪತ್ರೆಯ ಆಡಳಿತಕ್ಕೆ ಇದನ್ನೆಲ್ಲ ಬರೆದು ಕೊಟ್ಟಿದ್ದೇನೆ. ಅವರಾಗಲಿ, ನಗರದ ಬೇರೆ ಯಾವುದೇ ಆಸ್ಪತ್ರೆ, ಬ್ಯಾಂಕು ಅಥವಾ ಕಚೇರಿಯವರಾಗಲಿ ಒಪ್ಪಿದರೆ, ಅವರ ಹಜಾರದಲ್ಲಿ ಒಂದು ದಿನ ಕೂತು ಯಾವ ಸಂಖ್ಯೆ, ಯಾವ ಹೆಸರು ತಪ್ಪಾಗಿ ಕೇಳಿಸುತ್ತಿದೆಯೆಂದು ಪಟ್ಟಿ ಮಾಡಿಕೊಡಲು, ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳನ್ನೂ ಪೀಠಿಕೆಯ ವಾಕ್ಯವನ್ನೂ ಅವರ ಸಿಬ್ಬಂದಿಯೊಬ್ಬರ ದನಿಯಲ್ಲೇ ಧ್ವನಿಮುದ್ರಿಸುವಾಗ ಪಕ್ಕದಲ್ಲಿರಲು ಸಿದ್ಧಳಿದ್ದೇನೆ. ಇದಕ್ಕೆ ಸಂಭಾವನೆ ಬೇಡ. ಪತ್ರಿಕೆಯ ಮೂಲಕ ನನ್ನನ್ನು ಸಂಪರ್ಕಿಸಬಹುದು. ಅಮ್ಮನ ಮುಂದಿನ ತಪಾಸಣೆ ಬರುವ ತಿಂಗಳ ಎರಡನೇ ಮಂಗಳವಾರ ಇದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶ್ರವಣ ತಜ್ಞೆ
ಬಸವನಗುಡಿ, ಬೆಂಗಳೂರು